ಆಪಾದಿತನ ಪರ ನಿಲ್ಲುವ ಧರ್ಮ: ದೇಶಬಂಧು ದಾಸರ ವಕೀಲಿ ಜೀವನ

ಮುಂದೆ ಏನಾಗಬೇಕೆಂದಿರುವಿರಿ ಎಂದು ಶಾಲೆಯ ಮಕ್ಕಳನ್ನು ಕೇಳಿದರೆ ವೈದ್ಯಳಾಗುವೆನೆಂದು ಒಬ್ಬಳೂ, ಇಂಜಿನಿಯರನಾಗುವೆನೆಂದು ಒಬ್ಬನೂ, ಶಿಕ್ಷಕನಾಗುವೆನೆಂದು ಮತ್ತೊಬ್ಬನೂ ಉತ್ಸಾಹದಿಂದ ಉತ್ತರಿಸುವುದುಂಟು. ಅವರ ನಡುವೆ ಯಾವನಾದರೊಬ್ಬ ವಿದ್ಯಾರ್ಥಿಯು ಎದ್ದು ನಿಂತು ‘ವಕೀಲನಾಗುತ್ತೇನೆ’ ಎಂದರೆ ಹಿರಿಯರ ಮುಖದಲ್ಲಿ ಒಂದು ಬಗೆಯ ನಗೆ ಮೂಡುತ್ತದೆ. ಅದರಲ್ಲಿಯೂ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆಪಾದಿತರ ಪರವಾಗಿ ವಾದಿಸುವ ವಕೀಲನೆಂದರೆ ಸುಳ್ಳನ್ನು ಸತ್ಯವೆಂದು ಸಾಧಿಸುವವನು, ಹಣದ ಆಸೆಗೆ ಕಳ್ಳರನ್ನೂ ಕೊಲೆಗಡುಕರನ್ನೂ ಬಿಡಿಸಿ ತರುವವನು ಎಂಬ ಭಾವನೆ ನಮ್ಮ ಜನಮನದಲ್ಲಿ ಆಳವಾಗಿ ಬೇರೂರಿದೆ. ಮಗನಿಗೆ ವಕೀಲಿ ಓದಿಸಲು ಒಪ್ಪುವ ತಂದೆಯೂ ‘ಸಿವಿಲ್ ಕೆಲಸ ಮಾಡು, ಕ್ರಿಮಿನಲ್ ಬೇಡ’ ಎಂದು ಬುದ್ಧಿ ಹೇಳುವುದನ್ನು ನಾವು ಕೇಳಿಯೇ ಇದ್ದೇವೆ.

ಈ ಭಾವನೆ ಸರಿಯೇ? ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇವಲ ತರ್ಕದಿಂದ ಅದನ್ನು ಸಮರ್ಥಿಸುವುದಕ್ಕಿಂತ, ಆ ವೃತ್ತಿಯಲ್ಲಿ ಸುಮಾರು ಕಾಲು ಶತಮಾನ ದುಡಿದ ಒಬ್ಬ ಮಹನೀಯರ ಜೀವನವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಉಚಿತವೆಂದು ತೋರುತ್ತದೆ. ಅವರೇ ಚಿತ್ತರಂಜನ ದಾಸರು. 1922ರ ಗಯಾ ಕಾಂಗ್ರೆಸ್ಸಿನ ಅಧ್ಯಕ್ಷರು, ಸ್ವರಾಜ್ಯ ಪಕ್ಷದ ಸಂಸ್ಥಾಪಕರು, 1924ರಲ್ಲಿ ಕಲಕತ್ತೆಯ ಮೇಯರು ಎಂದು ಪಠ್ಯಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ಆದರೆ ಈ ಪದವಿಗಳೆಲ್ಲ ಅವರ ಬಾಳಿನ ಕೊನೆಯ ನಾಲ್ಕೈದು ವರ್ಷಗಳಿಗೆ ಸೇರಿದವು. ಅದಕ್ಕೂ ಮೊದಲು ಅವರು ವಕೀಲರಾಗಿದ್ದರು. ಆಪಾದಿತರ ಪಕ್ಷ ವಹಿಸಿ ನಿಂತ ವಕೀಲರಾಗಿದ್ದರು. ಅವರಿಗೆ ಕೀರ್ತಿ ಮೊದಲು ಬಂದುದು ಸಭೆಯ ವೇದಿಕೆಯಿಂದಲ್ಲ, ನ್ಯಾಯಾಲಯದ ಕಟಕಟೆಯ ಬಳಿಯಿಂದ.

1870ರ ನವೆಂಬರ್ 5ರಂದು ಕಲಕತ್ತೆಯಲ್ಲಿ ಜನಿಸಿದ ದಾಸರು ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಸಿವಿಲ್ ಸರ್ವೀಸ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ತೆರಳಿದರು. ಅದರಲ್ಲಿ ಯಶಸ್ಸು ದೊರೆಯಲಿಲ್ಲ. ಬ್ಯಾರಿಸ್ಟರರಾಗಿ ಮರಳಿ ಬಂದು ಕಲಕತ್ತೆಯ ಹೈಕೋರ್ಟಿನಲ್ಲಿ ವೃತ್ತಿಯನ್ನಾರಂಭಿಸಿದರು. ಆರಂಭದ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. ತಂದೆ ಭುವನಮೋಹನ ದಾಸರು ಸಾಲದ ಭಾರದಲ್ಲಿ ಸಿಲುಕಿದ್ದರು. ಆ ಹೊಣೆಯನ್ನು ಮಗನೂ ಹೊತ್ತಿದ್ದನು. 1906ರಲ್ಲಿ ತಂದೆಮಕ್ಕಳಿಬ್ಬರೂ ದಿವಾಳಿಯೆಂದು ನ್ಯಾಯಾಲಯದಿಂದ ಘೋಷಿಸಿಕೊಳ್ಳಬೇಕಾಯಿತು. ವೃತ್ತಿಗೆ ಕಾಲಿರಿಸಿ ಹನ್ನೆರಡು ವರ್ಷಗಳ ಮೇಲೂ ದಿವಾಳಿಯಾಗಿ ನಿಂತ ವಕೀಲನಿಗೆ ಜನರು ಯಾವ ಭವಿಷ್ಯವನ್ನು ನುಡಿದಿದ್ದಾರು? ಇಂದಿನ ಕಿರಿಯ ವಕೀಲರು, ಕಕ್ಷಿಗಾರರಿಲ್ಲದೆ ಹಿರಿಯರ ಕಚೇರಿಯಲ್ಲಿ ಕಡತಗಳನ್ನು ಹೊರುತ್ತ ಕಳೆಯುವ ದಿನಗಳಲ್ಲಿ, ಈ ಮಾತನ್ನು ನೆನಪಿನಲ್ಲಿಡಬೇಕು.

1908ರ ಏಪ್ರಿಲ್ 30ರಂದು ಮುಜಫರಪುರದಲ್ಲಿ ಒಂದು ಗಾಡಿಯ ಮೇಲೆ ಬಾಂಬು ಬಿದ್ದಿತು. ಕಿಂಗ್ಸ್‌ಫರ್ಡ್ ಎಂಬ ನ್ಯಾಯಾಧೀಶನಿಗೆಂದು ಎಸೆದ ಬಾಂಬು ಅದು. ಸತ್ತವರು ಕೆನೆಡಿ ಮನೆತನದ ತಾಯಿ ಮತ್ತು ಮಗಳು. ಎರಡು ದಿನಗಳಲ್ಲಿ ಪೋಲೀಸರು ಕಲಕತ್ತೆಯ ಹೊರವಲಯದ ಮಾಣಿಕತಲಾ ತೋಟವನ್ನು ಶೋಧಿಸಿ ಬಾಂಬು ತಯಾರಿಕೆಯ ಸಾಮಗ್ರಿಗಳನ್ನು ವಶಪಡಿಸಿಕೊಂಡರು. ಅರವಿಂದ ಘೋಷರನ್ನೂ, ಅವರ ತಮ್ಮ ಬಾರೀಂದ್ರನನ್ನೂ, ಹಲವು ತರುಣರನ್ನೂ ಬಂಧಿಸಿದರು. ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ ಆಪಾದನೆ ಅವರ ಮೇಲೆ ಬಂದಿತು. ಇದೇ ಇತಿಹಾಸಪ್ರಸಿದ್ಧವಾದ ಅಲಿಪುರ ಬಾಂಬು ಮೊಕದ್ದಮೆ.

ಸರಕಾರದ ಪರ ವಾದಿಸಲು ಮದರಾಸಿನಿಂದ ಅರ್ಡ್ಲಿ ನಾರ್ಟನ್ ಎಂಬ ಪ್ರಖ್ಯಾತ ಬ್ಯಾರಿಸ್ಟರನನ್ನು ಕರೆಸಲಾಯಿತು. ಆಪಾದಿತರ ಕಡೆ ಕೂಡಿಸಿದ ನಿಧಿ ಕರಗಿಹೋದ ಮೇಲೆ ಅರವಿಂದರ ರಕ್ಷಣೆಯ ಹೊಣೆ ದಾಸರ ಪಾಲಿಗೆ ಬಂದಿತು. ಹಣದ ಆಸೆಯಿಂದ ಕೈಗೊಂಡ ಮೊಕದ್ದಮೆ ಅದಾಗಿರಲಿಲ್ಲ. ಸಾಲಗಾರರಾಗಿದ್ದ ದಾಸರು ಸಂಪಾದನೆ ತರುವ ಇತರ ಕೆಲಸಗಳನ್ನು ಬದಿಗಿರಿಸಿ ತಿಂಗಳುಗಟ್ಟಲೆ ಅದೊಂದರಲ್ಲಿಯೇ ಮುಳುಗಿದರು. ಇನ್ನೂರಕ್ಕೂ ಮಿಕ್ಕಿದ ಸಾಕ್ಷಿಗಳು, ಸಾವಿರಾರು ದಸ್ತೈವಜುಗಳು. ಅವುಗಳಲ್ಲಿ ಒಂದೊಂದನ್ನೂ ಓದಬೇಕು, ಒಂದರೊಡನೆ ಒಂದನ್ನು ಹೋಲಿಸಿ ನೋಡಬೇಕು. ವಕೀಲನೆಂದರೆ ಮಾತಿನ ಮಲ್ಲನೆಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು. ಮಾತು ಕೊನೆಯ ಕೆಲವು ದಿನಗಳ ಕೆಲಸ. ಅದಕ್ಕೆ ಮುಂಚಿನ ತಿಂಗಳುಗಳೆಲ್ಲ ಕಾಗದದ ರಾಶಿಯೆದುರು ಕುಳಿತು ಕಣ್ಣು ಸವೆಸುವ ಕೆಲಸ.

ಆ ಶ್ರಮದ ಫಲವೇನೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಅರವಿಂದರ ಮನೆಯಲ್ಲಿ ದೊರೆಯಿತೆಂದು ಪೋಲೀಸರು ಒಂದು ಪತ್ರವನ್ನು ಹಾಜರುಪಡಿಸಿದರು. ಭಾರತದಾದ್ಯಂತ ‘ಸಿಹಿತಿಂಡಿ’ಗಳನ್ನು ಸಿದ್ಧವಾಗಿಡಬೇಕೆಂದು ಬಾರೀಂದ್ರನು ಅಣ್ಣನಿಗೆ ಇಂಗ್ಲಿಷಿನಲ್ಲಿ ಬರೆದಂತೆ ಅದು ಇತ್ತು. ಸಿಹಿತಿಂಡಿಯೆಂದರೆ ಬಾಂಬು ಎಂಬುದು ಸರಕಾರದ ವಾದ. ಈ ಪತ್ರ ನಿಜವೆಂದಾದರೆ ಅರವಿಂದರಿಗೆ ಉಳಿಗಾಲವಿರಲಿಲ್ಲ. ದಾಸರು ನ್ಯಾಯಾಲಯದ ಗಮನವನ್ನು ಸೆಳೆದುದು ಬಂಗಾಳದ ಮನೆಮನೆಯಲ್ಲಿ ನಡೆದು ಬಂದ ಪದ್ಧತಿಯ ಕಡೆಗೆ. ತಮ್ಮನಾದವನು ಅಣ್ಣನನ್ನು ‘ಪ್ರಿಯ ಸಹೋದರ’ ಎಂದು ಸಂಬೋಧಿಸುವನೇ? ಬಾರೀಂದ್ರನು ಅರವಿಂದರನ್ನು ಕರೆಯುತ್ತಿದ್ದುದು ‘ಸೇಜದಾ’ ಎಂದು. ಒಡಹುಟ್ಟಿದ ಅಣ್ಣನಿಗೆ ಬರೆಯುವಾಗ ಕುಲನಾಮ ಸಹಿತವಾಗಿ ಪೂರ್ಣ ಹೆಸರನ್ನು ಯಾರು ಸಹಿ ಮಾಡುತ್ತಾರೆ? ಅಲ್ಲದೆ ಆ ಸಮಯದಲ್ಲಿ ಅಣ್ಣತಮ್ಮಂದಿರಿಬ್ಬರೂ ಸೂರತ್ತಿನಲ್ಲಿಯೇ ಇದ್ದರಷ್ಟೆ. ಪತ್ರ ಬರೆಯುವ ಅಗತ್ಯವೇನಿತ್ತು? ನಮ್ಮ ಕಡೆ ‘ತೀರ್ಥರೂಪ ಸಮಾನರಾದ ಅಣ್ಣನವರಿಗೆ’ ಎಂದು ಪತ್ರವನ್ನಾರಂಭಿಸುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಈ ವಾದದ ಸೊಗಸು ಬೇಗನೆ ಅರ್ಥವಾದೀತು. ಆ ಪತ್ರವನ್ನು ನಂಬಿ ಶಿಕ್ಷೆ ವಿಧಿಸಲು ನ್ಯಾಯಾಧೀಶರು ಒಪ್ಪಲಿಲ್ಲ.

ಸರಕಾರದ ಇನ್ನೊಂದು ಆಧಾರ ನರೇಂದ್ರನಾಥ ಗೋಸ್ವಾಮಿ ಎಂಬ ಮಾಫಿ ಸಾಕ್ಷಿ. ಅವನನ್ನು 1908ರ ಆಗಸ್ಟ್ 31ರಂದು ಅಲಿಪುರ ಜೈಲಿನಲ್ಲಿಯೇ ಕನಾಯಿಲಾಲ ದತ್ತ ಮತ್ತು ಸತ್ಯೇಂದ್ರನಾಥ ಬಸು ಗುಂಡಿಕ್ಕಿ ಕೊಂದರು. ಅವನ ಹೇಳಿಕೆಯನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶ ಆಪಾದಿತರಿಗೆ ದೊರೆತಿರಲಿಲ್ಲವಾದ್ದರಿಂದ ಸೆಷನ್ಸ್ ನ್ಯಾಯಾಲಯದಲ್ಲಿ ಅದು ಸಾಕ್ಷ್ಯವಾಗಿ ನಿಲ್ಲಲಿಲ್ಲ. ಕೊಲೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಇದರ ಹಿಂದಿರುವ ನಿಯಮ ಮಾತ್ರ ಅಮೂಲ್ಯವಾದುದು: ಎದುರು ಪಕ್ಷದವನು ಪ್ರಶ್ನಿಸಿ ಪರೀಕ್ಷಿಸದ ಮಾತಿನ ಮೇಲೆ ಯಾವ ಮನುಷ್ಯನ ಪ್ರಾಣವನ್ನೂ ತೆಗೆಯಲಾಗದು.

1909ರ ಮೇ 6ರಂದು ಸೆಷನ್ಸ್ ನ್ಯಾಯಾಧೀಶ ಬೀಚ್‌ಕ್ರಾಫ್ಟರು ತೀರ್ಪು ನೀಡಿದರು. ಅರವಿಂದರು ದೋಷಮುಕ್ತರಾದರು. ಈ ನ್ಯಾಯಾಧೀಶರು ಇಂಗ್ಲೆಂಡಿನಲ್ಲಿ ಅರವಿಂದರ ಸಹಪಾಠಿಯಾಗಿದ್ದವರು, ಆದರೆ ಸರಕಾರದ ಅಧಿಕಾರಿ. ಪರಕೀಯ ಆಡಳಿತದ ನ್ಯಾಯಾಲಯದಲ್ಲಿಯೂ ಸಾಕ್ಷ್ಯದ ಕೊರತೆ ಸಾಕ್ಷ್ಯದ ಕೊರತೆಯೇ ಆಯಿತೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ನಮ್ಮ ಶಾಲಾ ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ನಿರಪರಾಧಿಯಾದ ಮಹಾಪುರುಷನನ್ನು ದೇಶಭಕ್ತ ವಕೀಲನು ಉಳಿಸಿದನು, ಚಪ್ಪಾಳೆ. ಆದರೆ ನಾನು ಹೇಳಬೇಕಾದ ಮಾತು ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ಅದೇ ತೀರ್ಪಿನಲ್ಲಿ ಬಾರೀಂದ್ರ ಘೋಷನಿಗೂ ಉಲ್ಲಾಸಕರ ದತ್ತನಿಗೂ ಮರಣದಂಡನೆ ವಿಧಿಸಲಾಯಿತು. ಇವರು ಬಾಂಬಿನ ಕೆಲಸವನ್ನು ತಾವೇ ಒಪ್ಪಿಕೊಂಡಿದ್ದವರು. ದಾಸರ ಕೆಲಸ ಮುಗಿದಿತ್ತೇ? ಇಲ್ಲ. ಹೈಕೋರ್ಟಿಗೆ ಹೋದ ಮೇಲ್ಮನವಿಯಲ್ಲಿಯೂ ದಾಸರು ಶಿಕ್ಷಿತರ ಪರವಾಗಿ ನಿಂತರು. ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಮತ್ತು ನ್ಯಾಯಮೂರ್ತಿ ಕಾರ್ನ್‌ಡಫ್ ವಿಚಾರಣೆ ನಡೆಸಿ, 1909ರ ನವೆಂಬರಿನಲ್ಲಿ ಇಬ್ಬರ ಮರಣದಂಡನೆಯನ್ನೂ ಕರಿನೀರಿನ ಶಿಕ್ಷೆಗೆ ಇಳಿಸಿದರು. ಕೆಲವರು ಆಪಾದಿತರ ವಿಷಯದಲ್ಲಿ ಇಬ್ಬರು ನ್ಯಾಯಾಧೀಶರಿಗೆ ಒಮ್ಮತವಾಗದೆ ಅದನ್ನು ಮೂರನೆಯ ನ್ಯಾಯಾಧೀಶರಿಗೆ ಒಪ್ಪಿಸಲಾಯಿತು. ಇಂತಹ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದುಬಂದಿದೆ. ಬಾರೀಂದ್ರನೂ ಉಲ್ಲಾಸಕರನೂ ಅಂಡಮಾನಿನ ಘೋರ ಯಾತನೆಯನ್ನನುಭವಿಸಿ 1920ರಲ್ಲಿ ಬಿಡುಗಡೆ ಹೊಂದಿದರು. ಬಾರೀಂದ್ರನು ಪತ್ರಕರ್ತನಾಗಿ 1959ರವರೆಗೆ ಬದುಕಿದನು; ಉಲ್ಲಾಸಕರನು 1965ರವರೆಗೆ. ಗಲ್ಲಿನಿಂದ ಕೆಳಗಿಳಿದ ಎರಡು ಜೀವಗಳು ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡವು.

ಮೇಲ್ಮನವಿಯ ವಕೀಲನ ಕೆಲಸ ಎಂತಹುದೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಕೆಳಗಿನ ನ್ಯಾಯಾಲಯದಲ್ಲಿ ಸಾಕ್ಷಿ ಕಣ್ಣೆದುರಿಗೆ ನಿಂತಿರುತ್ತಾನೆ. ಅವನ ಮುಖ ಬಾಡುವುದನ್ನೂ ದನಿ ತಡವರಿಸುವುದನ್ನೂ ಕಾಣಬಹುದು. ಮೇಲಿನ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಸಾಕ್ಷಿಯಿಲ್ಲ, ದಾಖಲೆಯ ಪುಟಗಳು ಮಾತ್ರ. ಕೆಳಗೆ ಕೇಳದೆ ಬಿಟ್ಟ ಪ್ರಶ್ನೆಗೆ ಮೇಲೆ ಉತ್ತರ ಸಿಗದು. ಜನರ ಆಕ್ರೋಶ ತಣ್ಣಗಾದ ಮೇಲೆ, ವೃತ್ತಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದ ಮೇಲೆ, ಶಿಕ್ಷಿತನ ಹೆಸರನ್ನು ಊರೇ ಮರೆತ ಮೇಲೆ ಒಬ್ಬನು ಆ ಪುಟಗಳನ್ನು ಮತ್ತೆ ಮೊದಲಿನಿಂದ ಓದುತ್ತಾನೆ. ಅಪರಾಧ ರುಜುವಾತಾಗಿದ್ದರೂ ಶಿಕ್ಷೆ ಅಪರಾಧಕ್ಕೆ ತಕ್ಕುದೇ ಎಂದು ಕೇಳುತ್ತಾನೆ. ಈ ಎರಡನೆಯ ಓದಿಗೆ ಅವಕಾಶವಿಲ್ಲದ ನ್ಯಾಯವು ಅವಸರದ ನ್ಯಾಯ.

ಆದುದರಿಂದ ದಾಸರ ಜೀವನದ ಪಾಠವನ್ನು ನಾವು ಅರ್ಧಕ್ಕೆ ಕಲಿಯಬಾರದು. ಅವರು ಅರವಿಂದರ ಪರವಾಗಿಯೂ ನಿಂತರು, ಬಾರೀಂದ್ರನ ಪರವಾಗಿಯೂ ನಿಂತರು. ಒಬ್ಬರ ವಿಷಯದಲ್ಲಿ ‘ಸಾಕ್ಷ್ಯ ಸಾಲದು’ ಎಂದು ವಾದ. ಮತ್ತೊಬ್ಬನ ವಿಷಯದಲ್ಲಿ ‘ಮರಣದಂಡನೆ ಸಲ್ಲದು’ ಎಂದು ವಾದ. ಎರಡೂ ವಕೀಲನ ಧರ್ಮವೇ. ಇಂದು ನಾವು ಅವರನ್ನು ಕೊಂಡಾಡುವುದು ಅವರ ಕಕ್ಷಿಗಾರರು ದೇಶಭಕ್ತರೆಂದು ಇತಿಹಾಸ ತೀರ್ಮಾನಿಸಿದ ನಂತರ. ಆದರೆ 1908ರಲ್ಲಿ ಸರಕಾರದ ದೃಷ್ಟಿಯಲ್ಲಿ ಅವರು ಇಬ್ಬರು ಹೆಂಗಸರ ಸಾವಿಗೆ ಕಾರಣವಾದ ಕೂಟಕ್ಕೆ ಸೇರಿದವರು. ಕೆನೆಡಿ ತಾಯಿಮಗಳು ಯಾರಿಗೂ ಕೇಡು ಮಾಡಿದವರಲ್ಲವೆಂಬುದೂ ಅಷ್ಟೇ ನಿಜ. ದಾಸರು ಆ ಸಾವನ್ನು ಸಮರ್ಥಿಸಲಿಲ್ಲ. ‘ಈ ಮನುಷ್ಯನೇ ಅದನ್ನು ಮಾಡಿಸಿದನೆಂದು ತೋರಿಸಿಕೊಡಿ’ ಎಂದರು. ಸತ್ತವರಿಗೆ ಸಲ್ಲಬೇಕಾದ ನ್ಯಾಯವೂ ಅದೇ ಅಲ್ಲವೇ? ತಪ್ಪು ಮನುಷ್ಯನನ್ನು ಗಲ್ಲಿಗೇರಿಸಿದರೆ ಸತ್ತವರಿಗೆ ನ್ಯಾಯ ದೊರೆಯುವುದಿಲ್ಲ; ಸತ್ತವರ ಲೆಕ್ಕಕ್ಕೆ ಇನ್ನೊಂದು ಹೆಸರು ಕೂಡುತ್ತದೆ, ನಿಜವಾದ ಅಪರಾಧಿ ಹೊರಗೆ ಉಳಿಯುತ್ತಾನೆ.

ನಮ್ಮನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ನಾವು ದ್ವೇಷಿಸುವ ಮನುಷ್ಯನೊಬ್ಬ, ಘೋರ ಕೃತ್ಯದ ಆಪಾದನೆ ಹೊತ್ತವನು, ನಾಳೆ ನಮ್ಮ ಜಿಲ್ಲೆಯ ನ್ಯಾಯಾಲಯದ ಕಟಕಟೆಯಲ್ಲಿ ನಿಂತಾಗ ಅವನ ವಕಾಲತ್ತು ವಹಿಸಿದ ವಕೀಲನನ್ನು ನಾವು ಗೌರವಿಸುತ್ತೇವೆಯೇ? ಅವನ ಮನೆಯವರೊಡನೆ ಮಾತು ಬಿಡುವುದಿಲ್ಲವೇ? ದೇಶದ ಹಲವೆಡೆ ವಕೀಲರ ಸಂಘಗಳೇ ‘ಇಂತಹ ಆಪಾದಿತನ ಪರ ಯಾರೂ ನಿಲ್ಲಕೂಡದು’ ಎಂದು ಠರಾವು ಮಾಡಿದ ಪ್ರಸಂಗಗಳಿವೆ. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊಹಮ್ಮದ್ ರಫಿ ಎಂಬ ವಕೀಲರ ಪ್ರಕರಣದಲ್ಲಿ ಇಂತಹ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧವಾದವು, ಅವು ಅಸಿಂಧು ಎಂದು ಖಂಡಿತವಾಗಿ ಸಾರಿತು. ಆಪಾದಿತನು ತಪ್ಪಿತಸ್ಥನೆಂದು ತನಗೆ ವೈಯಕ್ತಿಕವಾಗಿ ಅನ್ನಿಸಿದರೂ ವಕೀಲನು ಅವನ ರಕ್ಷಣೆಯ ಹೊಣೆಯನ್ನು ಹೊರಬೇಕೆಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿಯೇ ಇದೆ. ತನ್ನಿಷ್ಟದ ವಕೀಲನನ್ನು ಕಂಡು ಸಲಹೆ ಪಡೆಯುವ ಹಕ್ಕನ್ನು ಬಂಧಿತನಿಗೆ ಸಂವಿಧಾನದ 22ನೆಯ ಅನುಚ್ಛೇದ ಕೊಟ್ಟಿದೆ. ಬಡವನಿಗೆ ಉಚಿತ ಕಾನೂನು ನೆರವು ದೊರಕಬೇಕೆಂಬ 39ಎ ಅನುಚ್ಛೇದ 1976ರ ತಿದ್ದುಪಡಿಯಿಂದ ಸೇರಿತು.

ನಿಯಮಗಳಿದ್ದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಅವುಗಳಿಗೆ ಜೀವ ತುಂಬುವವರು ಬೇಕು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡ ಕೈದಿಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಅವರ ಪರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಕಪಿಲಾ ಹಿಂಗೋರಾನಿ ಎಂಬ ಮಹಿಳಾ ವಕೀಲರು. ಅದೇ ಹುಸ್ನಾರಾ ಖಾತೂನ್ ಪ್ರಕರಣ. ತ್ವರಿತ ವಿಚಾರಣೆಯೂ ಉಚಿತ ಕಾನೂನು ನೆರವೂ ಬದುಕುವ ಹಕ್ಕಿನ ಅಂಗಗಳೆಂದು ನ್ಯಾಯಮೂರ್ತಿ ಭಗವತಿಯವರು ಅಂದು ಸಾರಿದರು. ಆದರೂ ಕೆಲಸ ಬೆಟ್ಟದಷ್ಟು ಉಳಿದಿದೆ. 2022ರ ಅಂತ್ಯದ ಸರಕಾರಿ ಅಂಕಿಸಂಖ್ಯೆಗಳ ಪ್ರಕಾರ ನಮ್ಮ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಅಪರಾಧ ಇನ್ನೂ ರುಜುವಾತಾಗಿರಲಿಲ್ಲ. ಅವರಲ್ಲಿ ಎಷ್ಟು ಜನ ಅರವಿಂದರಂತೆ ಹೊರಬರಬೇಕಾದವರೋ, ಎಷ್ಟು ಜನ ಅಲ್ಲವೋ, ನೋಡದೆ ಹೇಳುವುದು ಹೇಗೆ? ನೋಡುವುದಕ್ಕಾಗಿಯೇ ಒಬ್ಬ ವಕೀಲ ಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ವೃತ್ತಿ ಎಟುಕದೆಂಬ ಅಂಜಿಕೆ ಹಲವರಲ್ಲಿದೆ. ನನ್ನ ಎಣಿಕೆಯಂತೆ ಅದು ತಲೆಕೆಳಗಾದ ವಿಚಾರ. ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ, ಅದನ್ನು ಬರೆದುಕೊಳ್ಳುವುದು ಕನ್ನಡದಲ್ಲಿ. ಧಾರವಾಡದಲ್ಲಿಯೂ ಕಲಬುರ್ಗಿಯಲ್ಲಿಯೂ 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟಿನ ಪೀಠಗಳಿಗೆ ಮೊಕದ್ದಮೆ ಹೋದಾಗ ಅದೇ ಮಾತು ಇಂಗ್ಲಿಷಿಗೆ ತಿರುಗುತ್ತದೆ. ‘ಹೊಡೆದನು’, ‘ಬಡಿದನು’, ‘ತಳ್ಳಿದನು’ ಎಂಬ ಮಾತುಗಳ ನಡುವಣ ಅಂತರದಲ್ಲಿ ಒಬ್ಬನ ಜೀವನದ ಹತ್ತು ವರ್ಷಗಳು ಅಡಗಿರಬಹುದು. ಆ ಅಂತರವನ್ನು ಹಿಡಿಯಬಲ್ಲವನು ನೆಲದ ಮಾತನ್ನೂ ಮನೆಯ ರೂಢಿಯನ್ನೂ ಬಲ್ಲವನು. ಅಲಿಪುರದಲ್ಲಿ ದಾಸರಿಗೆ ನೆರವಾದುದು ಇನ್ನರ್ ಟೆಂಪಲ್ಲಿನ ವಿದ್ಯೆಯಷ್ಟೇ ಅಲ್ಲ. ತಮ್ಮನು ಅಣ್ಣನನ್ನು ಹೇಗೆ ಕರೆಯುತ್ತಾನೆಂಬ ಅರಿವೂ ಹೌದು. ಇಂಗ್ಲಿಷನ್ನು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು. ಆದರೆ ತಾಯ್ನುಡಿ ಕೊರತೆಯಲ್ಲ, ಬಂಡವಾಳ.

ಈ ವೃತ್ತಿಯಲ್ಲಿ ದೋಷಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸುಳ್ಳು ಸಾಕ್ಷಿಗೆ ಪಾಠ ಕಲಿಸುವವರಿದ್ದಾರೆ. ಮೇಲಿಂದ ಮೇಲೆ ಮುಂದಿನ ತಾರೀಖು ಪಡೆದು ಎದುರು ಪಕ್ಷದವರನ್ನು ದಣಿಸುವವರಿದ್ದಾರೆ. ಬಡ ಕಕ್ಷಿಗಾರನ ಹೊಲ ಮಾರಿಸಿದವರೂ ಇದ್ದಾರೆ. ಇವರಿಂದಾಗಿಯೇ ಜನರ ಮನಸ್ಸಿನಲ್ಲಿ ತಿರಸ್ಕಾರ ಬೆಳೆದಿದೆ. ಆದರೆ ಇವರು ಮಾಡುವುದು ರಕ್ಷಣೆಯಲ್ಲ, ರಕ್ಷಣೆಯ ಹೆಸರಿನ ವ್ಯಾಪಾರ. ಕಲಬೆರಕೆ ಮಾಡುವ ವರ್ತಕನಿದ್ದಾನೆಂದು ಧಾನ್ಯವನ್ನೇ ಬೇಡವೆನ್ನುವುದುಂಟೇ?

ದಾಸರ ಬಾಳಿನ ಇನ್ನೆರಡು ಸಂಗತಿಗಳನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಅಲಿಪುರದ ನಂತರ ಅವರ ಕೀರ್ತಿ ಬೆಳೆಯಿತು, ಸಂಪಾದನೆಯೂ ಬೆಳೆಯಿತು. ದಿವಾಳಿ ಘೋಷಣೆಯಾದ ಮೇಲೆ ಹಳೆಯ ಸಾಲಗಳನ್ನು ತೀರಿಸುವ ಕಾನೂನಿನ ಹೊಣೆ ಅವರಿಗಿರಲಿಲ್ಲ. ಆದರೂ 1913ರಲ್ಲಿ ಅವರು ಸಾಲಗಾರರೆಲ್ಲರಿಗೂ ಹಣವನ್ನು ಹಿಂದಿರುಗಿಸಿದರು. ಕಾನೂನು ಬಿಟ್ಟರೂ ಧರ್ಮ ಬಿಡದೆಂಬುದನ್ನು ಕಾನೂನಿನ ಪಂಡಿತರೇ ನಡೆದು ತೋರಿಸಿದರು. ಎರಡನೆಯದು, ಅಸಹಕಾರ ಚಳವಳಿ ಬಂದಾಗ ಅಪಾರ ವರಮಾನದ ವಕೀಲಿಯನ್ನು ಒಂದೇ ಏಟಿಗೆ ತ್ಯಜಿಸಿ, 1921ರ ಡಿಸೆಂಬರಿನಲ್ಲಿ ತಾವೇ ಬಂಧಿತರಾಗಿ ಸೆರೆಮನೆಗೆ ನಡೆದರು. ಗಾಂಧೀಜಿಯವರೊಡನೆ ಅವರ ಸ್ವರಾಜ್ಯ ಪಕ್ಷವು ಮಾಡಿಕೊಂಡ ಒಪ್ಪಂದಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ದೊರೆತುದು 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿಯೇ. ಮರುವರ್ಷ ಜೂನ್ 16ರಂದು ಡಾರ್ಜಿಲಿಂಗಿನಲ್ಲಿ ಅವರು ತೀರಿಕೊಂಡರು. ಅವರು ದೇಶಕ್ಕೆ ಕೊಟ್ಟ ಮನೆ ಮಹಿಳೆಯರ ಆಸ್ಪತ್ರೆಯಾಯಿತು.

ಇಂತಹ ಮಹನೀಯರು ತಮ್ಮ ಯೌವನವನ್ನೂ ಪ್ರೌಢ ವಯಸ್ಸನ್ನೂ ಸವೆಸಿದ ವೃತ್ತಿ ಕೀಳಾಗಲಾರದು. ನಾಳೆ ನಮ್ಮ ಶಾಲೆಯ ಬಾಲಕನಾಗಲಿ ಬಾಲಕಿಯಾಗಲಿ ‘ನಾನು ಆಪಾದಿತರ ಪರ ವಾದಿಸುವ ವಕೀಲಳಾಗುತ್ತೇನೆ’ ಎಂದು ಹೇಳಿದರೆ ಹಿರಿಯರು ನಗದಿರಲಿ. ‘ಎಲ್ಲರೂ ಬಿಟ್ಟುಹೋದವನ ಪಕ್ಕದಲ್ಲಿ ನಿಲ್ಲಲು ನಿನಗೆ ಧೈರ್ಯವಿದೆಯೇ? ಸಾವಿರ ಪುಟಗಳನ್ನು ಓದುವ ತಾಳ್ಮೆಯಿದೆಯೇ?’ ಎಂದು ಕೇಳಲಿ. ಹೌದೆಂಬ ಉತ್ತರ ಬಂದರೆ ಮನಸ್ಸು ತುಂಬಿ ಹರಸಿ ಕಳುಹಲಿ. ಅಂತಹವರ ಅವಶ್ಯಕತೆ ನಮ್ಮಲ್ಲಿ ಯಾರಿಗೆ ಯಾವ ದಿನ ಒದಗಿಬಂದೀತೆಂದು ಬಲ್ಲವರಾರು?